ಮೊದಲು ಚಾನೆಲ್, ಆಮೇಲೆ ಹಲಗೆ

ಮುಂಬಾಗಿಲ ಪಕ್ಕಕ್ಕೆ ಅಂತ ನಾನೇ ಮಾಡಿದ ಮೇಜು ಮೊನ್ನೆ ಭಾನುವಾರ ಸಂಜೆ ಕೊನೆಗೂ ಗೋಡೆಗೆ ಸೇರಿತು. ಏಳು ವಾರ ಹಿಡಿಯಿತು. ನಾನು ಅಂದುಕೊಂಡಿದ್ದು ಎರಡು ಶನಿವಾರ, ಎರಡು ಭಾನುವಾರ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಮುಗಿಸಿಬಿಡ್ತೀನಿ ಅಂತ ಅತ್ತೆ ಮುಂದೆ ಜಂಬ ಕೊಚ್ಚಿದ್ದೆ. ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಬಂದವರು ಬಾಗಿಲಲ್ಲೇ ಅರ್ಧ ಮೇಜು, ಒಂದು ಗರಗಸ, ಎರಡು ಚೀಲ ಮರದ ಹೊಟ್ಟು ದಾಟಿಕೊಂಡು ಒಳಗೆ ಬಂದರು. ಅತ್ತೆ ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು.

ನಾನು ಬಡಗಿ ಅಲ್ಲ. ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವಳು. ಇದಕ್ಕೆ ಮುಂಚೆ ನಾನು ಮಾಡಿದ ಇಂಥ ಕೆಲಸ ಅಂದರೆ ಕ್ಯಾಲೆಂಡರಿಗೆ ಮೊಳೆ ಹೊಡೆದದ್ದು, ಅದೂ ಸೊಟ್ಟಗೆ. ಹಾಗಾಗಿ ಇಲ್ಲಿ ಬರೆದಿರುವುದು ಗೊತ್ತಿರುವವರ ಪಾಠ ಅಲ್ಲ, ಈಗಷ್ಟೇ ಪೆಟ್ಟು ತಿಂದವಳ ವರದಿ. ಎಲ್ಲಾ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮದು ಉತ್ತರಹಳ್ಳಿ ಕಡೆ ಮೂರನೇ ಮಹಡಿಯ ಫ್ಲಾಟು. ಮುಂಬಾಗಿಲು ತೆಗೆದರೆ ಉದ್ದಕ್ಕೆ ಒಂದು ಪ್ಯಾಸೇಜು, ಅದು ಮುಗಿದ ಮೇಲೆ ಹಾಲ್. ಪ್ಯಾಸೇಜಿನ ಅಗಲ 114 ಸೆಂ.ಮೀ. ಆ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇತ್ತು. ಗಾಡಿ ಕೀ, ಹೆಲ್ಮೆಟ್ಟು, ಬೆಸ್ಕಾಂ ಬಿಲ್ಲು, ಕೊರಿಯರ್ ಡಬ್ಬ, ಹಾಲಿನ ಕೂಪನ್ನು, ಒದ್ದೆ ಛತ್ರಿ, ಎಲ್ಲಾ ಅದರ ಮೇಲೆ. ಕೆಳಗೆ ಚಪ್ಪಲಿ ರಾಶಿ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದೇ ಆ ಸ್ಟೂಲಿನಿಂದ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಮೇಜು ನೋಡಿದೆ. ಚೆನ್ನಾಗಿದ್ದವೆಲ್ಲ 35, 40 ಸೆಂ.ಮೀ. ಆಳ. ಅಷ್ಟು ಮುಂದೆ ಬಂದರೆ ನಾವು ಅಡ್ಡಡ್ಡ ನಡೆಯಬೇಕು. ಒಬ್ಬ ಬಡಗಿಯನ್ನು ಕರೆಸಿದೆ. ಟೇಪು ಹಿಡಿದು ಅಳೆದು, 18,000 ಆಗುತ್ತೆ ಮೇಡಂ, ಆದರೆ ಕೈಯಲ್ಲಿ ಎರಡು ಕಿಚನ್ ಕೆಲಸ ಇದೆ, ಹಬ್ಬ ಎಲ್ಲಾ ಮುಗಿದ ಮೇಲೆ ಬರ್ತೀನಿ ಅಂದ. ಯಾವ ಹಬ್ಬ ಅಂತ ಹೇಳಲಿಲ್ಲ.

ನಾನೇ ಮಾಡ್ತೀನಿ ಅಂತ ಬಾಯಿಂದ ಬಂದುಬಿಟ್ಟಿತು. ಇವರು ನಕ್ಕರು. ಆಮೇಲೆ ಹಿಂದೆ ಸರಿಯೋಕೆ ಆಗುತ್ತಾ?

ಮೊದಲು ಮಾಡಿದ ಒಂದು ಕೆಲಸ ಮಾತ್ರ ಸರಿಯಾಗಿತ್ತು, ಅದನ್ನು ನೀವೂ ಮಾಡಿ. ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ಕತ್ತರಿಸಿ, ಮೇಜಿನ ಅಳತೆಗೆ ಮಡಿಸಿ, ಟೇಪು ಸುತ್ತಿ ಪ್ಯಾಸೇಜಿನಲ್ಲಿ ನಿಲ್ಲಿಸಿದೆ. ಮೊದಲು 33 ಸೆಂ.ಮೀ. ಆಳ. ಎರಡನೇ ದಿನ ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ ಹೊತ್ತು ಬಂದವರು ಅದಕ್ಕೆ ಡಿಕ್ಕಿ ಹೊಡೆದರು. 30ಕ್ಕೆ ಇಳಿಸಿದೆ. ಮಗಳ ಸ್ಕೂಲ್ ಬ್ಯಾಗು ತಗುಲಿತು. 28ಕ್ಕೆ ಬಂದಾಗ ಯಾರಿಗೂ ಏನೂ ತಗುಲಲಿಲ್ಲ. ನಾಲ್ಕು ದಿನ ಹೋಯಿತು, ಖರ್ಚು ಸೊನ್ನೆ. ಹಾಗೆ ಅಳತೆ ನಿಂತಿತು: ಉದ್ದ 105, ಆಳ 28, ಎತ್ತರ ಸುಮಾರು 80. ಮೇಲೆ ಎರಡು ಡ್ರಾಯರು, ಕೆಳಗೆ ಚಪ್ಪಲಿಗೆ ಜಾಗ. ಕೆಳಗಿನ ಭಾಗಕ್ಕೆ ಬಾಗಿಲು ಬೇಡ ಅಂತಲೂ ಆಗಲೇ ತೀರ್ಮಾನಿಸಿದೆ, ಅರ್ಧ ಮೀಟರ್ ಅಗಲದ ಬಾಗಿಲು ಆ ಪ್ಯಾಸೇಜಿನಲ್ಲಿ ತೆರೆದುಕೊಂಡರೆ ದಾರಿಯೇ ಬಂದ್.

ಇನ್ನು ಕಾಗದಪತ್ರ. ಮನೆಯೊಳಗೆ ಒಂದು ಮೇಜು ಮಾಡೋಕೆ ಎಂಥ ಕಾಗದಪತ್ರ ಅಂತೀರಾ? ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಇದೆಯಲ್ಲ. ಡ್ರಿಲ್ಲು, ಗರಗಸ ಅಂದ ತಕ್ಷಣ ಅದು 'ಮರಗೆಲಸ', ಅದಕ್ಕೊಂದು ಅರ್ಜಿ. ಕೆಲಸ ಯಾವತ್ತಿನಿಂದ ಯಾವತ್ತಿನವರೆಗೆ, ಅಕ್ಕಪಕ್ಕದವರ ಒಪ್ಪಿಗೆ ಸಹಿ, 5,000 ರೂಪಾಯಿ ವಾಪಸ್ ಬರುವ ಠೇವಣಿ, ಕೆಲಸಗಾರರ ಆಧಾರ್ ಪ್ರತಿ, ಎರಡು ಫೋಟೊ. ಕೆಲಸಗಾರ್ತಿ ನಾನೇ ಅಂದೆ. ಆಫೀಸಿನ ಹುಡುಗ ಒಂದು ನಿಮಿಷ ಯೋಚಿಸಿ, ಪರವಾಗಿಲ್ಲ ಮೇಡಂ, ನಿಮ್ಮದೇ ಕೊಡಿ, ಆ ಕಾಲಂ ಖಾಲಿ ಬಿಡೋಕಾಗಲ್ಲ ಅಂದ. ಕೊಟ್ಟೆ. ಮೂರು ದಿನದ ಮೇಲೆ ನನ್ನ ಫೋಟೊ ಅಂಟಿಸಿದ ಕಾರ್ಮಿಕರ ಪಾಸು ಬಂತು. ಹಿಂದುಗಡೆ, ಸರ್ವಿಸ್ ಲಿಫ್ಟ್ ಮಾತ್ರ ಬಳಸತಕ್ಕದ್ದು ಅಂತ ಸೀಲು. ಅದನ್ನು ಈಗಲೂ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಸದ್ದು ಮಾಡುವ ಕೆಲಸಕ್ಕೆ ಬೆಳಿಗ್ಗೆ ಹತ್ತರಿಂದ ಒಂದು, ಮಧ್ಯಾಹ್ನ ಮೂರರಿಂದ ಐದು, ಭಾನುವಾರ ಪೂರ್ತಿ ನಿಷೇಧ. ಇದೇ ನನ್ನ ಮೊದಲ ದೊಡ್ಡ ಪೆಟ್ಟು. ವಾರವಿಡೀ ಆಫೀಸು ಇರುವವಳಿಗೆ ಸದ್ದಿನ ಕೆಲಸಕ್ಕೆ ಉಳಿದದ್ದು ಶನಿವಾರದ ಐದು ಗಂಟೆ. ನಿಮ್ಮಲ್ಲೂ ಇಂಥ ನಿಯಮ ಇದ್ದರೆ ಮೊದಲೇ ಕೇಳಿ, ಶನಿವಾರಕ್ಕೆ ಕೊರೆಯುವುದು ಕತ್ತರಿಸುವುದು, ಭಾನುವಾರಕ್ಕೆ ಅಂಟು ಹಚ್ಚುವುದು ಉಜ್ಜುವುದು ಅಂತ ಹಂಚಿಕೊಳ್ಳಿ.

ಪ್ಲೈವುಡ್ ತರಲು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋದೆವು. ಜೂನ್ ಕೊನೆಯ ಶನಿವಾರ, ತುಂತುರು ಮಳೆ. ಆ ಬೀದಿಗಳಿಗೆ ಕಾಲಿಟ್ಟರೆ ಹಸಿ ಮರದ ವಾಸನೆ, ಮಿಲ್ಲುಗಳ ಕಿರ್‍ರ್ ಸದ್ದು. ನನಗೆ ಅಲ್ಲಿಯೇ ಅರ್ಧ ಖುಷಿ ಆಗಿಹೋಯಿತು. ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, ಯಾವ ಗ್ರೇಡು? ಎಂಆರ್ ಅಂದರೆ ತೇವ ಸ್ವಲ್ಪ ತಡೆಯುತ್ತೆ, ಅದರ ಮೇಲೆ ಐಎಸ್ 303 ಅಂತ ಇರುತ್ತೆ. ಬಿಡಬ್ಲ್ಯುಪಿ ಅಂದರೆ ನೀರಿಗೆ ಜಾಸ್ತಿ ತಡೆಯುವ ಅಂಟಿನದು, ಐಎಸ್ 710. ಬಾಯಲ್ಲಿ ಎಲ್ಲರೂ 'ಮರೀನು', ಅಂದರೆ ನೀರಿಗೆ ತಡೆಯುವಂಥದ್ದು, ಅಂತಲೇ ಮಾರುತ್ತಾರೆ, ಹಾಳೆಯ ಮೇಲಿನ ಐಎಸ್‌ಐ ಗುರುತು, ಅದರ ನಂಬರ್ ಎರಡನ್ನೂ ಕಣ್ಣಾರೆ ನೋಡಿ. ಒಳಗಿನ ರೂಮಿನ ಕಪಾಟಿಗಾದರೆ ಎಂಆರ್ ಸಾಕಿತ್ತು. ನಮ್ಮದು ಬಾಗಿಲ ಪಕ್ಕ, ಒದ್ದೆ ಛತ್ರಿ, ಒದ್ದೆ ಬೂಟು. 710 ತಗೊಂಡೆ. 18 ಮಿ.ಮೀ. ದಪ್ಪ, ಎಂಟಕ್ಕೆ ನಾಲ್ಕು ಅಡಿ ಹಾಳೆ, ಚದರಡಿಗೆ 118ರಂತೆ 32 ಚದರಡಿಗೆ 3,776 ಆಯಿತು.

ಎಂಟಡಿ ಹಾಳೆ ನಮ್ಮ ಲಿಫ್ಟಿಗೆ ಹೋಗುವುದಿಲ್ಲ. ಅದು ಗೊತ್ತಿದ್ದರಿಂದ ಅಂಗಡಿಯ ಮೆಷಿನ್ನಿನಲ್ಲೇ ಕತ್ತರಿಸಿಕೊಡಿ ಅಂದೆ, ಒಂದು ಸಲ ಕತ್ತರಿಸಲು 40 ರೂಪಾಯಿ. ರಾತ್ರಿಯೆಲ್ಲಾ ಕೂತು ಎಕ್ಸೆಲ್‌ನಲ್ಲಿ ಹಾಕಿದ ಲೆಕ್ಕ ಕೈಯಲ್ಲಿತ್ತು. ಹಾಳೆಯ ಅಗಲ 122. ಅದರಲ್ಲಿ 26 ಸೆಂ.ಮೀ.ನ ನಾಲ್ಕು ಪಟ್ಟಿ, ಉಳಿದ 18ರ ಪಟ್ಟಿಯಲ್ಲಿ ಡ್ರಾಯರಿನ ಮುಖ. ಒಂದು ಸೆಂ.ಮೀ. ಕೂಡ ವೇಸ್ಟ್ ಇಲ್ಲ! ನನ್ನ ಲೆಕ್ಕಪತ್ರದ ಬುದ್ಧಿ ಎಷ್ಟು ಹಿಗ್ಗಿತ್ತು ಅಂದರೆ ಕತ್ತರಿಸುವ ಹುಡುಗನಿಗೆ ಕಾಗದ ತೋರಿಸಿ ಹೆಮ್ಮೆಪಟ್ಟೆ. ಅವನು ಕಾಗದ ನೋಡಿ, ಅಕ್ಕಾ, ಬ್ಲೇಡ್ ತಿನ್ನೋದು ಎಲ್ಲಿ ಬರೆದಿದ್ದೀರಾ ಅಂದ.

ಗರಗಸದ ಅಲಗಿಗೂ ದಪ್ಪ ಇರುತ್ತೆ. ಒಂದೊಂದು ಸಲ ಕತ್ತರಿಸಿದಾಗಲೂ ಸುಮಾರು 3 ಮಿ.ಮೀ. ಮರ ಪುಡಿಯಾಗಿ ಹೋಗುತ್ತೆ. ನಾಲ್ಕು ಸಲಕ್ಕೆ 1.2 ಸೆಂ.ಮೀ. ನನ್ನ 18ರ ಪಟ್ಟಿ 16.8 ಆಗಿ ಕೈಗೆ ಬಂತು. ಇನ್ನೂ ಏನನ್ನೂ ಜೋಡಿಸಿರಲಿಲ್ಲ, ಡ್ರಾಯರಿನ ಕೆಳಗಿನ ಹಲಗೆಯನ್ನು ಅಷ್ಟು ಮೇಲಕ್ಕೆ ಎತ್ತಿ ಹಾಕಿದರೆ ಆಗುತ್ತೆ ಅಂತ ಬಚಾವಾದೆ. ಹದಿಮೂರು ಸಲ ಕತ್ತರಿಸಿದ್ದಕ್ಕೆ 520, ಗೂಡ್ಸ್ ಆಟೋಗೆ 700, ಹತ್ತಿಸಿ ಇಳಿಸಿದ್ದಕ್ಕೆ 200. ಆಟೋದವರು ಮಳೆಗೆ ಟಾರ್ಪಾಲು ಹೊದಿಸಿದರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಇಂಥದ್ದನ್ನೂ ಬರೆಯಬೇಕು ಅಲ್ವಾ.

ಮೇಲಿನ ಹಲಗೆ ಮಾತ್ರ ನಿಜವಾದ ಮರವೇ ಆಗಬೇಕು ಅಂತ ಆಸೆ. ಹೊಸ ತೇಗದ ರೇಟು ಕೇಳಿ ಹಿಂದೆ ಸರಿದೆ. ಅದೇ ಬಡಾವಣೆಯಲ್ಲಿ ಹಳೆ ಮನೆ ಒಡೆದಾಗ ಬಂದ ತೊಲೆ, ಬಾಗಿಲು, ಕಿಟಕಿ ಮಾರುವವರಿದ್ದಾರೆ. ಅಲ್ಲಿ ಒಂದು ಬಾಗಿಲ ಹಲಗೆ ಸಿಕ್ಕಿತು. ಆರು ಇಂಚು ಅಗಲ, ಒಂದೂಕಾಲು ಇಂಚು ದಪ್ಪ, ಏಳಡಿ ಉದ್ದ. ಒಂದು ಬದಿಯಲ್ಲಿ ಏಳೆಂಟು ಪದರ ಹಸಿರು ಪೇಂಟು. ಮಾಲೀಕರು ಟೇಪು ಹಿಡಿದವರೇ ಪಾಯಿಂಟ್ ಮೂವತ್ತಾರು ಅಂದುಬಿಟ್ಟರು. ನಾನು ಕಣ್ಣು ಕಣ್ಣು ಬಿಟ್ಟೆ. ನೀವು ಹಾಗೆ ನಿಲ್ಲಬೇಡಿ. ಮರ ಮಾರುವುದು ಘನ ಅಡಿ ಲೆಕ್ಕದಲ್ಲಿ. ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಇಟ್ಟು ಗುಣಿಸಿ, 144ರಿಂದ ಭಾಗಿಸಿ. 6 ಗುಣಿಸು 1.25 ಗುಣಿಸು 7, ಅಂದರೆ 52.5. ಅದನ್ನು 144ರಿಂದ ಭಾಗಿಸಿದರೆ 0.36 ಚಿಲ್ಲರೆ. ಘನ ಅಡಿಗೆ 3,500 ಅಂದರು, 1,280 ಕೊಟ್ಟೆ. ತೇಗ ಹೌದೋ ಅಲ್ಲವೋ ಅನ್ನುವ ಅನುಮಾನ ಇದ್ದವರಿಗೆ ಮಲ್ಲೇಶ್ವರ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮರದ ಜಾತಿ ಗುರುತಿಸುವುದು ಅವರ ಕೆಲಸಗಳಲ್ಲೊಂದು. ಒಂದು ಹಲಗೆಗೆ ಅಲ್ಲಿಯವರೆಗೆ ಹೋಗುವುದು ನನಗೆ ಅತಿ ಅನ್ನಿಸಿತು. ಮೂಲೆಯಲ್ಲಿ ಸ್ವಲ್ಪ ಕೆರೆದಾಗ ತೇಗದ ಎಣ್ಣೆ ವಾಸನೆ ಬಂತು, ಅಷ್ಟಕ್ಕೇ ನಂಬಿದೆ.

ಹಲಗೆ ಹೊತ್ತು ಪಕ್ಕದ ಮಿಲ್ಲಿಗೆ ಹೋದರೆ ಅವರು ಮುಟ್ಟಲೂ ಇಲ್ಲ. ಹಳೇ ಮರ ಮೆಷಿನ್ನಿಗೆ ಹಾಕಲ್ಲ, ಒಳಗೆ ಮೊಳೆ ಇದ್ದರೆ ನನ್ನ ಬ್ಲೇಡು ಹೋಗುತ್ತೆ, ನೀವು ಕೊಡೋ ಇನ್ನೂರಕ್ಕೆ ನಾನು ಸಾವಿರಗಟ್ಟಲೆ ಕಳ್ಕೋಬೇಕಾ ಅಂದರು. ನ್ಯಾಯವಾದ ಮಾತೇ. ಮನೆಗೆ ತಂದು ಮೊಳೆ ಹುಡುಕುವ ಕೆಲಸ ಶುರು ಮಾಡಿದೆವು. ಫ್ರಿಜ್ ಮೇಲೆ ಅಂಟಿಸುವ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆ ಮೇಲೆ ನಿಧಾನವಾಗಿ ಎಳೆದರೆ ಮೊಳೆ ಇರುವ ಕಡೆ ತಟಕ್ ಅಂತ ಹಿಡಿಯುತ್ತೆ. ಇದು ಮಗಳ ಕೆಲಸ, ಅವಳಿಗೆ ಇಡೀ ಏಳು ವಾರದಲ್ಲಿ ಇಷ್ಟವಾದದ್ದು ಇದೊಂದೇ. ಹನ್ನೊಂದು ಮೊಳೆ ಸಿಕ್ಕವು. ತಲೆ ಮುರಿದವನ್ನು ಸುತ್ತ ಉಳಿಯಲ್ಲಿ ಕೆತ್ತಿ ಇಕ್ಕಳದಲ್ಲಿ ಎಳೆದೆ. ಒಂದು ವಾರ ಅದಕ್ಕೇ ಹೋಯಿತು. ಮುಂದಿನ ಶನಿವಾರ ಮತ್ತೆ ಮೈಸೂರು ರಸ್ತೆ. ಮಿಲ್ಲಿನವರು ತಮ್ಮದೇ ಅಯಸ್ಕಾಂತ ಇಟ್ಟು ನೋಡಿ, ಆಮೇಲೆ ಮೆಷಿನ್ನಿಗೆ ಬಿಟ್ಟರು. ಹಸಿರು ಪೇಂಟು ಹೋಗಿ ಜೇನಿನ ಬಣ್ಣ ಹೊರಗೆ ಬಂದಾಗ ಇವರೂ ಬಾಯಿ ಬಿಟ್ಟುಕೊಂಡು ನೋಡಿದರು. ಅಲ್ಲೇ ಎರಡು ತುಂಡು ಮಾಡಿಸಿಕೊಂಡು ಬಂದೆವು.

ಎರಡು ತುಂಡನ್ನು ಅಕ್ಕಪಕ್ಕ ಅಂಟಿಸಿದರೆ ಒಂದು ಅಗಲದ ಹಲಗೆ. ಕೇಳೋಕೆ ಸುಲಭ. ಅಂಚುಗಳು ಒಂದಕ್ಕೊಂದು ಕೂರಬೇಕಲ್ಲ. ನಾನು ಉಪ್ಪುಕಾಗದ ಸುತ್ತಿದ ಮರದ ತುಂಡಿನಿಂದ ಎರಡು ದಿನ ಉಜ್ಜಿದೆ, ಉಜ್ಜಿದಷ್ಟೂ ಅಂಚು ದುಂಡಗಾಗುತ್ತಾ ಹೋಯಿತು. ಕೊನೆಗೆ ಮಾನ ಮರ್ಯಾದೆ ಬಿಟ್ಟು, 18,000 ಹೇಳಿದ್ದ ಅದೇ ಬಡಗಿಗೆ ಫೋನ್ ಮಾಡಿದೆ. ಅರ್ಧ ದಿನಕ್ಕೆ 800 ಅಂದ. ಬಂದು ಮರ ಹೆರೆಯುವ ಹತ್ತರಿ ಹೊಡೆದ. ಆ ಸದ್ದು, ಉದ್ದಕ್ಕೆ ಸುರುಳಿ ಸುರುಳಿಯಾಗಿ ಬೀಳುವ ಸಿಬರು, ನೋಡುತ್ತಾ ಕೂತೇಬಿಟ್ಟೆ. ಎರಡು ತುಂಡು ಜೋಡಿಸಿ ಕಿಟಕಿ ಕಡೆ ಎತ್ತಿ ಹಿಡಿದು, ಬೆಳಕು ಬರ್ತಾ ಇದೆಯಾ ನೋಡಿ ಮೇಡಂ, ಬೆಳಕು ಬಂದರೆ ಅಂಟು ನಿಲ್ಲಲ್ಲ ಅಂದ. ಒಂದು ಎಳೆ ಬೆಳಕೂ ಬರಲಿಲ್ಲ. ಆ 800 ರೂಪಾಯಿ ಇಡೀ ಕೆಲಸದಲ್ಲಿ ನಾನು ಕೊಟ್ಟ ಅತಿ ಒಳ್ಳೆಯ ದುಡ್ಡು. ಎಲ್ಲವನ್ನೂ ನಾವೇ ಮಾಡಬೇಕು ಅನ್ನುವ ಹಟ ಇಂಥ ಕಡೆ ಬೇಡ. ಫೆವಿಕಾಲ್ ಹಚ್ಚಿ, ನಾಲ್ಕು ಕ್ಲಾಂಪ್ ಬಿಗಿದು, ಮಳೆಗಾಲ ಅಂತ ಒಂದು ಇಡೀ ದಿನ ಹಾಗೇ ಬಿಟ್ಟೆ. ಹೊರಗೆ ಉಬ್ಬಿ ಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿಬಿಡಿ, ಒಣಗಿದರೆ ಆ ಜಾಗ ಪಾಲಿಶ್ ಕುಡಿಯುವುದಿಲ್ಲ, ಬಿಳಿ ಕಲೆ ಉಳಿಯುತ್ತೆ. ನನ್ನ ಮೇಜಿನ ಕೆಳಬದಿಯಲ್ಲಿ ಅಂಥ ಎರಡು ಕಲೆ ಇವೆ, ತೋರಿಸಲ್ಲ.

ಮೇಜಿನ ಪ್ಲೈ ಪೆಟ್ಟಿಗೆ ಜೋಡಿಸುವುದು ಅಷ್ಟು ಕಷ್ಟ ಆಗಲಿಲ್ಲ. ಮೊದಲು ಸಣ್ಣ ತೂತು ಕೊರೆದು ಆಮೇಲೆ ಸ್ಕ್ರೂ ಹಾಕಬೇಕು ಅನ್ನುವುದನ್ನು ಮರೆಯದಿದ್ದರೆ ಸಾಕು, ಮರೆತರೆ ಪ್ಲೈ ಅಂಚು ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತೆ.

ನನ್ನನ್ನು ಅಳಿಸಿದ್ದು ಡ್ರಾಯರು.

ಪೆಟ್ಟಿಗೆಯ ಒಳಗಿನ ಉದ್ದ 1,014 ಮಿ.ಮೀ., ನಡುವೆ 18ರ ಒಂದು ಹಲಗೆ. ಒಂದೊಂದು ಖಾನೆಗೆ 498. ಡ್ರಾಯರ್ ಜಾರಲು ಎರಡು ಪಕ್ಕ ಚಾನೆಲ್ ಬರುತ್ತೆ ಅಂತ ಗೊತ್ತಿತ್ತು. ಅದು ತಗಡಲ್ವಾ, ಎಷ್ಟು ದಪ್ಪ ಇದ್ದೀತು, ಪಕ್ಕಕ್ಕೆ 5 ಮಿ.ಮೀ. ಬಿಟ್ಟರೆ ಸಾಕು ಅಂದುಕೊಂಡು 488ಕ್ಕೆ ಎರಡು ಡ್ರಾಯರ್ ಮಾಡಿಬಿಟ್ಟೆ. 12 ಮಿ.ಮೀ. ಪ್ಲೈ, ಅಂಟು, ಸ್ಕ್ರೂ, ಎಲ್ಲಾ ಗಟ್ಟಿಯಾಗಿ. ಚಾನೆಲ್ ಇನ್ನೂ ಕೊಂಡೇ ಇರಲಿಲ್ಲ. ಮುಂದಿನ ಶನಿವಾರ ಕೋಣನಕುಂಟೆ ಕ್ರಾಸ್‌ನಿಂದ ಮೆಟ್ರೊ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು, ಎಸ್.ಪಿ. ರಸ್ತೆವರೆಗೆ ನಡೆದು, ಹತ್ತು ಇಂಚಿನ ಎರಡು ಜೊತೆ ಕೊಂಡೆ, ಒಂದು ಜೊತೆಗೆ 220. ಮನೆಗೆ ಬಂದು ಹಿಡಿದು ನೋಡಿದರೆ ಡ್ರಾಯರು ಒಳಗೆ ಹೋಗುತ್ತಲೇ ಇಲ್ಲ. ಡ್ರಾಯರ್ ಮಾತ್ರ ಹೋಗುತ್ತೆ, ಚಾನೆಲ್ ಮಾತ್ರ ಹೋಗುತ್ತೆ, ಎರಡೂ ಸೇರಿ ಹೋಗಲ್ಲ.

ನಮ್ಮ ಕೆಳಗಿನ ಮನೆ ಅಂಕಲ್ ಎಚ್‌ಎಂಟಿಯಲ್ಲಿ ಮೆಷಿನ್ ಶಾಪಿನಲ್ಲಿದ್ದು ರಿಟೈರ್ ಆದವರು. ಸದ್ದಿನ ಬಗ್ಗೆ ದೂರು ಕೊಡಲು ಮೇಲೆ ಬಂದವರು ನನ್ನ ಮುಖ ನೋಡಿ ಒಳಗೆ ಬಂದು ಕೂತರು. ಆಮೇಲೆ ಹೋಗಿ ವೆಲ್ವೆಟ್ ಡಬ್ಬಿಯಲ್ಲಿಟ್ಟ ವರ್ನಿಯರ್ ಕ್ಯಾಲಿಪರ್ ತಂದರು. ಚಾನೆಲ್ ಅಳೆದರು. 12.7, ಅರ್ಧ ಇಂಚು. ಎರಡು ಪಕ್ಕಕ್ಕೆ 25.4.

'ನಿನ್ನ ಖಾನೆ 498, ಡ್ರಾಯರ್ 472 ಇರಬೇಕು. ಇದು ಹದಿನಾರು ಮಿಲಿಮೀಟರ್ ದಪ್ಪ ಆಗಿದೆಯಲ್ಲಮ್ಮ.'

'ಮರದ ಕೆಲಸ ಅಲ್ವಾ ಅಂಕಲ್, ಅಷ್ಟು ಲೆಕ್ಕ ಬರಲ್ಲ ಅಂದ್ಕೊಂಡೆ.'

'ಚಾನೆಲ್ ಕಬ್ಬಿಣದ್ದು ಕಣಮ್ಮ. ಅದು ನಿನ್ನ ಮಾತು ಕೇಳಲ್ಲ. ನೀನೇ ಅದರ ಮಾತು ಕೇಳಬೇಕು.'

ಆ ರಾತ್ರಿ ಊಟ ಸೇರಲಿಲ್ಲ. ಡ್ರಾಯರ್ ಬಿಚ್ಚಲು ಹೋದರೆ ಅಂಟು ಬಿಡದೆ ಪ್ಲೈ ಪದರವೇ ಕಿತ್ತು ಬಂತು. ಮತ್ತೆ ತುಂಡು ಕೊಂಡದ್ದಕ್ಕೆ 450, ಮತ್ತೆ ಒಂದು ವಾರ. ಹಬ್ಬ ಬಂದದ್ದು ಆ ವಾರದಲ್ಲೇ. ದಯವಿಟ್ಟು ಇದೊಂದನ್ನು ನೆನಪಿಡಿ: ಚಾನೆಲ್, ಹಿಡಿ, ಕೊಕ್ಕೆ, ಮೇಜಿನೊಳಗೆ ಕೂರುವ ಯಾವುದೇ ಕಬ್ಬಿಣದ ಸಾಮಾನು ಮೊದಲು ಮನೆಗೆ ಬರಲಿ. ಅದನ್ನು ಎದುರಿಗಿಟ್ಟು ಅಳೆದು ಆಮೇಲೆ ಹಲಗೆ ಕತ್ತರಿಸಿ. ಡಬ್ಬದ ಮೇಲೆ ಬರೆದದ್ದನ್ನೂ ನಂಬಬೇಡಿ, ಅಳೆಯಿರಿ.

ಈ ಪಾಠ ಕಲಿತೆ ಅಂದುಕೊಂಡ ನಾಲ್ಕೇ ದಿನಕ್ಕೆ ಅದೇ ತಪ್ಪನ್ನು ಬೂಟಿನಲ್ಲಿ ಮಾಡಿದೆ. ಕೆಳಗಿನ ಜಾಗದ ಆಳ 26 ಸೆಂ.ಮೀ. ಇವರ ಬೂಟು 30. ಒಮ್ಮೆಯಾದರೂ ಒಂದು ಬೂಟು ಅಳೆದಿದ್ದೆನಾ? ಇಲ್ಲ. ಮೂತಿ ನಾಲ್ಕು ಸೆಂ.ಮೀ. ಹೊರಗೆ ಚಾಚಿಕೊಂಡು ನಿಂತಿತು. ಹಲಗೆಯನ್ನು ಇಳಿಜಾರಾಗಿ ಹಾಕು ಅಂತ ಅಂಕಲ್ಲೇ ಹೇಳಿದರು. ಮಗಳು ಪೈಥಾಗೊರಸ್ ಹಾಕಿದಳು. 26 ಆಳ, 15 ಎತ್ತರ ಕೊಟ್ಟರೆ ಇಳಿಜಾರಿನ ಉದ್ದ ಹೆಚ್ಚುಕಡಿಮೆ 30. ಅವಳ ಮೇಷ್ಟ್ರಿಗೆ ಹೇಳಬೇಕು. ಪ್ಲೈ ಉಳಿಕೆಯಿಂದ ಪಟ್ಟಿಗಳನ್ನು ಸೀಳಿ, ಹಿಂದೆ 15 ಸೆಂ.ಮೀ. ಎತ್ತರಕ್ಕೆ, ಮುಂದೆ ಕೆಳಗೆ, ಜಾರದ ಹಾಗೆ ಮುಂತುದಿಯಲ್ಲಿ ಒಂದು ತಡೆಪಟ್ಟಿ ಹೊಡೆದೆ. ಪಟ್ಟಿಗಳ ನಡುವೆ ಸಂದು ಇರುವುದರಿಂದ ಒದ್ದೆ ಚಪ್ಪಲಿಗೆ ಗಾಳಿಯೂ ಆಡುತ್ತೆ. ತಪ್ಪಿನಿಂದ ಒಳ್ಳೆಯದಾಗಿದ್ದು ಇದೊಂದೇ.

ಗೋಡೆಗೆ ಒತ್ತಿ ನಿಲ್ಲಿಸಲು ಹೋದಾಗ ಇನ್ನೊಂದು. ಗೋಡೆಯ ಬುಡಕ್ಕೆ ಅಂಟಿಸಿರುವ ಸ್ಕರ್ಟಿಂಗ್ ಟೈಲ್ಸ್ ಒಂದು ಸೆಂ.ಮೀ. ಹೊರಗೆ ಬಂದಿರುತ್ತೆ. ಅದಕ್ಕೆ ತಗುಲಿ ಮೇಜು ಗೋಡೆಯಿಂದ ದೂರ ನಿಲ್ಲುತ್ತೆ, ಆ ಸಂದಿಗೆ ಪೆನ್ನು, ನಾಣ್ಯ, ಕೀ ಎಲ್ಲಾ ಬೀಳುತ್ತೆ. ಪಕ್ಕದ ಎರಡು ಹಲಗೆಗಳ ಹಿಂಬದಿ ಕೆಳಮೂಲೆಯನ್ನು ಟೈಲ್ಸ್ ಎತ್ತರಕ್ಕೆ ಕತ್ತರಿಸಿ ಸರಿಮಾಡಿದೆ. ನೆಲವೂ ಬಾಗಿಲ ಕಡೆಗೆ ಇಳಿಜಾರು, ಒಂದು ಕಾಲಿನ ಕೆಳಗೆ ತೆಳು ರಬ್ಬರ್ ತುಂಡು ಸೇರಿಸಬೇಕಾಯಿತು. ಇಷ್ಟು ಕಡಿಮೆ ಆಳದ ಮೇಜು ಡ್ರಾಯರ್ ಎಳೆದಾಗ ಮುಂದಕ್ಕೆ ವಾಲುತ್ತೆ, ಮಕ್ಕಳಿರುವ ಮನೆಯಲ್ಲಂತೂ ಎಲ್ ಕ್ಲಿಪ್ ಹಾಕಿ ಗೋಡೆಗೆ ಬಿಗಿಯಲೇಬೇಕು.

ತೇಗದ ಹಲಗೆಯನ್ನು ಪೆಟ್ಟಿಗೆಗೆ ಕೂರಿಸುವಾಗ ಅಂಟು ಹಾಕಬೇಡಿ. ನಿಜವಾದ ಮರ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ, ಪ್ಲೈ ಅಷ್ಟು ಅಲ್ಲಾಡುವುದಿಲ್ಲ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಒಂದು ದಿನ ಹಲಗೆ ಸೀಳುತ್ತೆ. ಕೆಳಗಿನಿಂದ ಸ್ಕ್ರೂ ಹಾಕುವ ತೂತುಗಳನ್ನು ದುಂಡಗಿನ ಬದಲು ಸ್ವಲ್ಪ ಉದ್ದಕ್ಕೆ ಕೊರೆದು, ಅಲ್ಲಾಡಲು ಜಾಗ ಬಿಟ್ಟೆ. ಇದು ಆ ಬಡಗಿ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ್ದು, ಅದಕ್ಕೆ ಬೇರೆ ಚಾರ್ಜ್ ಮಾಡಲಿಲ್ಲ.

ಪಾಲಿಶ್‌ಗೆ ಅರಗು ಆರಿಸಿಕೊಂಡೆ. ಫ್ರೆಂಚ್ ಪಾಲಿಶ್ ಅಂತಾರಲ್ಲ, ಅದೇ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ, ಅಲ್ಲಿ ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಿಸಿಗೆ ಕರಗಿಸುತ್ತಾರೆ, ಇಲ್ಲಿ ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಲ್ಲಿ ಹಚ್ಚುವುದು. ವಾಸನೆ ಬೇಗ ಹೋಗುತ್ತೆ, ಬೇಗ ಒಣಗುತ್ತೆ, ಫ್ಲಾಟಿಗೆ ಒಳ್ಳೆಯದು. ದೇವರ ದೀಪ ಉರಿಯುತ್ತಿರುವಾಗ ಮಾತ್ರ ಸ್ಪಿರಿಟ್ ಡಬ್ಬ ತೆಗೆಯಬೇಡಿ. 80, 120, 220 ನಂಬರಿನ ಉಪ್ಪುಕಾಗದದಲ್ಲಿ ಒಂದಾದ ಮೇಲೊಂದು, ಮರದ ಗೆರೆ ಹೋದ ದಿಕ್ಕಿನಲ್ಲೇ ಉಜ್ಜಿದೆ, ಮಾಸ್ಕ್ ಹಾಕಿಕೊಂಡು. ಮೊದಲ ಕೋಟು ಹಚ್ಚಿದಾಗ ಎಷ್ಟು ಚೆನ್ನಾಗಿತ್ತು! ಮಧ್ಯಾಹ್ನ ಜೋರು ಮಳೆ ಬಂತು. ಸಂಜೆಗೆ ಹಲಗೆ ಮೇಲೆಲ್ಲಾ ಬೂದಿ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಗಾಳಿಯ ತೇವ ಅರಗಿನೊಳಗೆ ಸಿಕ್ಕಿಹಾಕಿಕೊಂಡರೆ ಹೀಗಾಗುತ್ತೆ. ಗಾಬರಿಯಾಗಿ ಎಲ್ಲಾ ಕೆರೆಯಲು ಹೊರಟಿದ್ದೆ. ಬೇಕಿಲ್ಲ. ಬಿಸಿಲು ಬಿದ್ದ ದಿನ ಬಟ್ಟೆಗೆ ಸ್ವಲ್ಪವೇ ಸ್ಪಿರಿಟ್ ಮಾಡಿಕೊಂಡು ಮೇಲೆ ಹಗುರವಾಗಿ ಸವರಿದರೆ ಹೋಗುತ್ತೆ. ಆದರೆ ಆ ಬಿಸಿಲು ಬೀಳಲು ಬೆಂಗಳೂರಿನ ಆಗಸ್ಟ್‌ನಲ್ಲಿ ಒಂಬತ್ತು ದಿನ ಕಾದೆ. ದಿನಾ ಬೆಳಿಗ್ಗೆ ಬಾಲ್ಕನಿಗೆ ಹೋಗಿ ಆಕಾಶ ನೋಡುತ್ತಿದ್ದೆ, ಹಪ್ಪಳ ಹಾಕುವ ಅಜ್ಜಿಯ ಹಾಗೆ. ಅರಗು ಬೇಡ, ಅಗಸೆ ಎಣ್ಣೆ ಹಚ್ಚುತ್ತೇನೆ ಅನ್ನುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ, ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ ಆಮೇಲೆ ಬಿಸಾಕಿ.

ಖರ್ಚು ಒಟ್ಟು 15,286. ನನ್ನ ಕೆಲಸವೇ ಲೆಕ್ಕ ಆದ್ದರಿಂದ ರೂಪಾಯಿ ರೂಪಾಯಿಗೂ ಬರೆದಿಟ್ಟಿದ್ದೇನೆ. ಅದರಲ್ಲಿ ಡ್ರಿಲ್ 3,200, ಕ್ಲಾಂಪ್ 1,400, ಅವು ಮನೆಯಲ್ಲೇ ಉಳಿದವು. ಬಡಗಿ ಹೇಳಿದ 18,000ಕ್ಕೆ ಹೋಲಿಸಿದರೆ ಉಳಿದದ್ದು 2,714. ಏಳು ವಾರಕ್ಕೆ ಹಂಚಿದರೆ ವಾರಕ್ಕೆ 388 ರೂಪಾಯಿ ಸಂಬಳ ಅಂತ ಇವರು ಲೆಕ್ಕ ಹಾಕಿ ತೋರಿಸಿದರು. ದುಡ್ಡು ಉಳಿಸೋಕೆ ಅಂತ ಯಾರೂ ಇದಕ್ಕೆ ಕೈ ಹಾಕಬೇಡಿ. ಠೇವಣಿಯ 5,000 ಇನ್ನೂ ವಾಪಸ್ ಬಂದಿಲ್ಲ, ಕೆಲಸ ಮುಗಿದ ಅರ್ಜಿ ಕೊಟ್ಟರೆ ಬರುತ್ತಂತೆ, ಅದಕ್ಕೂ ಕೆಲಸಗಾರರ ಸಹಿ ಬೇಕಂತೆ.

ಬಾಗಿಲು ತೆಗೆದ ತಕ್ಷಣ ಚಪ್ಪಲಿ ಕಾಣುತ್ತೆ, ಲಕ್ಷ್ಮಿ ಒಳಗೆ ಹೇಗೆ ಬರ್ತಾಳೆ ಅಂತ ಅತ್ತೆ ಎರಡು ದಿನ ಗೊಣಗಿದರು. ಮೂರನೇ ದಿನ ತಮ್ಮ ಹಳೇ ಇಳಕಲ್ ಸೀರೆಯೊಂದನ್ನು ಕತ್ತರಿಸಿ, ಸೆರಗಿನ ಭಾಗ ಮುಂದೆ ಬರುವ ಹಾಗೆ ಹೊಲಿದು, ಪರದೆ ಮಾಡಿಕೊಟ್ಟರು. ಸ್ಪ್ರಿಂಗ್ ರಾಡಿಗೆ ಏರಿಸಿದ್ದೇವೆ. ಮೇಜಿಗಿಂತ ಜಾಸ್ತಿ ಜನ ಕೇಳುವುದು ಆ ಪರದೆ ಬಗ್ಗೆ, ಅದು ಬೇರೆ ಮಾತು.

ಅರಗಿನ ಪಾಲಿಶ್‌ಗೆ ಬಿಸಿ ಆಗುವುದಿಲ್ಲ. ಇದನ್ನು ಮನೆಯವರಿಗೆಲ್ಲಾ ಹತ್ತು ಸಲ ಹೇಳಿದ್ದೆ. ಭಾನುವಾರ ಮೇಜು ನೋಡಲು ಅಂಕಲ್ ಬಂದರು. ಡ್ರಾಯರ್ ಎಳೆದರು, ಒತ್ತಿದರು, ಮತ್ತೆ ಎಳೆದರು. ಬಗ್ಗಿ ಸಂದಿಗೆ ಕಣ್ಣಿಟ್ಟು ನೋಡಿದರು. ಪರವಾಗಿಲ್ಲ ಅಂತ ತಲೆ ಆಡಿಸಿ, ಕೈಯಲ್ಲಿದ್ದ ಕಾಫಿ ಲೋಟವನ್ನು ತೇಗದ ಹಲಗೆ ಮೇಲೆ ಇಟ್ಟು ಬೂಟಿನ ಇಳಿಜಾರು ನೋಡಲು ಕೂತರು. ನಾನು ಲೋಟ ಎತ್ತುವಷ್ಟರಲ್ಲಿ ಬಿಳಿ ಉಂಗುರ ಮೂಡಿತ್ತು. ಸ್ಪಿರಿಟ್ ಇದೆ, ಇನ್ನೊಂದು ಬಿಸಿಲಿನ ದಿನಕ್ಕೆ ಕಾಯುತ್ತಿದ್ದೇನೆ.